ಡಾಕ್ಟರು ಕಾರಿಡಾರಿಗೆ ಕರೆದು ತಿಂಗಳ ಲೆಕ್ಕ ಹೇಳಿದರು. ದೊಡ್ಡಮ್ಮನಿಗೆ ಹೇಳುವುದಾ, ಬೇಡವಾ?

ಗುಡ್ಡೆಮನೆ (ಕಾರ್ಕಳ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ಪುರುಸೊತ್ತಿದ್ದರೆ ಓದಿ.

ದೊಡ್ಡಮ್ಮನಿಗೆ 74 ವರ್ಷ. ಹಾರ್ಟ್ ಪಂಪಿಂಗ್ ಕಡಿಮೆ ಅಂತ ಎರಡು ವರ್ಷದಿಂದ ಮದ್ದು ನಡೆಯುತ್ತಿದೆ. ಕಳೆದ ವಾರ ಕಾಲು ಬಾತುಕೊಂಡಿತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಉಡುಪಿಯ ಒಂದು ಆಸ್ಪತ್ರೆಗೆ ಸೇರಿಸಿದೆವು. ನಾಲ್ಕನೇ ದಿನ ಡಾಕ್ಟರು ದೊಡ್ಡಮ್ಮನ ಮಗನನ್ನು (ನನಗೆ ಅಣ್ಣ) ಕಾರಿಡಾರಿಗೆ ಕರೆದರು. ನಾನೂ ಹಿಂದೆಯೇ ಹೋದೆ. "ಆರು ತಿಂಗಳು, ಹೆಚ್ಚೆಂದರೆ ಒಂದು ವರ್ಷ. ಪೇಷೆಂಟಿಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು" ಅಂದರು. ಬಾಗಿಲು ಅರ್ಧ ತೆರೆದೇ ಇತ್ತು. ದೊಡ್ಡಮ್ಮ ಮಂಚದ ಮೇಲೆ ಕೂತು ನಮ್ಮ ಕಡೆಗೇ ನೋಡುತ್ತಿದ್ದರು. ಒಳಗೆ ಹೋದ ಕೂಡಲೇ "ಎಂತ ಹೇಳಿದ್ರು?" ಅಂತ ಕೇಳಿದರು. ಅಣ್ಣ "ಎಂತ ಇಲ್ಲ, ಉಪ್ಪು ಬಿಡ್ಬೇಕಂತೆ" ಅಂದ.

ಅಣ್ಣನ ಪ್ರಕಾರ ಹೇಳುವುದೇ ಬೇಡ. ನನಗೆ ಮಂಡೆಬಿಸಿ ಯಾಕೆಂದರೆ ದೊಡ್ಡಪ್ಪನ ಸಲವೂ ಇದೇ ಆಟ ಆಡಿದ್ದೆವು. ಅವರಿಗೆ ಪ್ಯಾಂಕ್ರಿಯಾಸ್‌ನಲ್ಲಿ ಗೆಡ್ಡೆ, ಲಿವರಿಗೂ ಹಬ್ಬಿತ್ತು. ಶಿವರಾತ್ರಿ ಹೊತ್ತಿಗೆ ಗೊತ್ತಾದದ್ದು. ಆಗಲೂ ಕಾರಿಡಾರ್, ಆಗಲೂ "ಮೂರು ತಿಂಗಳು". ಮಸ್ಕತ್ತಿನಲ್ಲಿದ್ದ ಚಿಕ್ಕಪ್ಪ ಇದ್ದ ರಜೆಯೆಲ್ಲ ಹಾಕಿ ಬಂದರು. ಗಡಿಬಿಡಿಯಲ್ಲಿ ಜಾಗದ ಪಾಲುಪಟ್ಟಿ ಆಯಿತು. "ಆರೋಗ್ಯ ಸರಿಯಿರುವಾಗಲೇ ಮಾಡಿಬಿಡುವ ಅಂತ" ಎಂದು ಅವರಿಗೆ ಸುಳ್ಳು ಹೇಳಿ ಸಹಿ ಹಾಕಿಸಿದೆವು. ಮೇ ತಿಂಗಳ ಕೊನೆಗೆ ಒಂದು ಸಂಜೆ ದೊಡ್ಡಪ್ಪ ಜಗಲಿಯಲ್ಲಿ ಕೂತು ಕೇಳಿದರು: "ಈ ಸಲ ಅಡಿಕೆಗೆ ಮದ್ದು ಬಿಡಲಿಕ್ಕೆ ಯಾರಿಗೆ ಹೇಳಿದ್ದೀರಿ?" ಯಾರೂ ಮಾತಾಡಲಿಲ್ಲ. ಮೈಲುತುತ್ತು, ಸುಣ್ಣ ಏನೂ ತಂದಿರಲಿಲ್ಲ. ಜೂನ್ ಬರುವಾಗ ಅವರು ಇರುವುದಿಲ್ಲ ಅಂತ ನಾವೆಲ್ಲ ಮನಸ್ಸಿನಲ್ಲೇ ತೀರ್ಮಾನ ಮಾಡಿ ಆಗಿತ್ತು. ಅವರು ಒಬ್ಬೊಬ್ಬರ ಮುಖ ನೋಡಿದರು. ಮತ್ತೆ ಆ ವಿಷಯ ಎತ್ತಲಿಲ್ಲ.

ಆ ಸಲ ತೋಟಕ್ಕೆ ಕೊಳೆರೋಗ ಬಂತು. ದೊಡ್ಡಪ್ಪ ಮಾತ್ರ ಮಕರ ಸಂಕ್ರಾಂತಿ ಕಳೆದ ಮೇಲೆ ಹೋದರು. ಹನ್ನೊಂದು ತಿಂಗಳು. ಚಿಕ್ಕಪ್ಪನಿಗೆ ಬೊಜ್ಜಕ್ಕೂ (ಉತ್ತರಕ್ರಿಯೆಗೂ) ಬರಲಿಕ್ಕೆ ರಜೆ ಸಿಗಲಿಲ್ಲ.

ಈಗ ದೊಡ್ಡಮ್ಮನ ಸರದಿ. ಎಂತ ಮಾಡುವುದು?

ತೊಕ್ಕೊಟ್ಟು ಪಾಸ್

ಹೇಳಬೇಡಿ. ನಮ್ಮ ಅಪ್ಪನಿಗೆ ಹೇಳಿದೆವು. ಗೋಡೆಗೆ ಮುಖ ಮಾಡಿ ಮಲಗಿದರು. 19 ದಿನ. ಅನ್ನ ಮುಟ್ಟಲಿಲ್ಲ.

ಮಲ್ಪೆ ಗಾಳಿ

ಡಾಕ್ಟರುಗಳು ದೇವರಾ? ಸ್ಟೀಫನ್ ಹಾಕಿಂಗ್‌ಗೆ 1963ರಲ್ಲಿ ಎರಡು ವರ್ಷ ಅಂದಿದ್ದರು. ಸತ್ತದ್ದು 2018ರಲ್ಲಿ. ಅಷ್ಟೇ ಹೇಳುವುದು ನಾನು.

ಲೆಕ್ಕದವ

ವಿಮೆಯಲ್ಲಿ 31 ವರ್ಷ ಕೆಲಸ ಮಾಡಿ ರಿಟೈರ್ ಆದವನು ನಾನು. ಸಾವಿನ ಲೆಕ್ಕವೇ ನಮ್ಮ ಅನ್ನ. ಹಾಗಾಗಿ ಒಂದೆರಡು ಮಾತು.

ಈ ಲೆಕ್ಕ ಇವತ್ತಿನದಲ್ಲ. ಧೂಮಕೇತುವಿನ ಹ್ಯಾಲಿ ಇದ್ದಾರಲ್ಲ, ಅದೇ ಹ್ಯಾಲಿ 1693ರಲ್ಲಿ ಬ್ರೆಸ್ಲಾವ್ ಅನ್ನುವ ಊರಿನ ಜನನ ಮರಣದ ಪಟ್ಟಿ ಹಿಡಿದು, ಯಾವ ವಯಸ್ಸಿನವರಲ್ಲಿ ಎಷ್ಟು ಜನ ಮುಂದಿನ ವರ್ಷಕ್ಕೆ ಉಳಿಯುತ್ತಾರೆ ಅಂತ ಕೋಷ್ಟಕ ಮಾಡಿದರು. 1825ರಲ್ಲಿ ಗೊಂಪರ್ಟ್ಸ್ ಎನ್ನುವವರು, ದೊಡ್ಡವರಾದ ಮೇಲೆ ಸಾಯುವ ಸಂಭವ ವಯಸ್ಸಿನ ಜೊತೆ ಗುಣಿಸಿಕೊಂಡು ಏರುತ್ತದೆ ಅಂತ ತೋರಿಸಿದರು. ಹೆಚ್ಚುಕಡಿಮೆ ಎಂಟು ವರ್ಷಕ್ಕೊಮ್ಮೆ ದುಪ್ಪಟ್ಟು. ಒಂದು ಲಕ್ಷ ಪಾಲಿಸಿ ಕೊಡಿ, ಈ ವರ್ಷ ಎಷ್ಟು ಕ್ಲೇಮ್ ಬರುತ್ತದೆ ಅಂತ ನಾವು ಕೂತಲ್ಲೇ ಹೇಳುತ್ತಿದ್ದೆವು. ಆದರೆ ಆ ಲಕ್ಷದಲ್ಲಿ ಯಾರ ಮನೆಯದ್ದು ಅಂತ ಕೇಳಿದರೆ? ಗೊತ್ತಿಲ್ಲ ಸ್ವಾಮಿ. ಗೊತ್ತಿದ್ದರೆ ಪಾಲಿಸಿ ಕೊಡುತ್ತಿದ್ದೆವಾ?

ಡಾಕ್ಟರು "ಆರು ತಿಂಗಳು" ಅಂದರೆ ಸಾಮಾನ್ಯವಾಗಿ ಅರ್ಥ ಇಷ್ಟೇ: ಇಂಥ ಕಾಯಿಲೆಯವರಲ್ಲಿ ಅರ್ಧ ಜನ ಆರು ತಿಂಗಳೊಳಗೆ ಹೋಗುತ್ತಾರೆ, ಅರ್ಧ ಜನ ಆಮೇಲೂ ಇರುತ್ತಾರೆ. ಆಮೇಲೆ ಅಂದರೆ ಏಳನೇ ತಿಂಗಳೂ ಇರಬಹುದು, ಏಳನೇ ವರ್ಷವೂ ಇರಬಹುದು. ಅಮೆರಿಕದ ವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್‌ಗೆ 1982ರಲ್ಲಿ ಹೊಟ್ಟೆಯ ಒಂದು ಅಪರೂಪದ ಕ್ಯಾನ್ಸರ್ ಬಂತು. ಪುಸ್ತಕ ತೆಗೆದು ನೋಡಿದರೆ ಎಂಟು ತಿಂಗಳು. ಅವರು ಲೆಕ್ಕ ಗೊತ್ತಿದ್ದ ಮನುಷ್ಯ. ಎಂಟು ತಿಂಗಳು ಅನ್ನುವುದು ನಡುವಿನ ಗೆರೆ, ನನ್ನ ಜಾಗ ಆ ಗೆರೆಯ ಯಾವ ಕಡೆ ಅಂತ ನೋಡಬೇಕು ಅಂದುಕೊಂಡರು. ಇನ್ನೂ 20 ವರ್ಷ ಬದುಕಿದರು. 2002ರಲ್ಲಿ ಹೋದದ್ದು ಬೇರೆಯೇ ಕ್ಯಾನ್ಸರಿನಿಂದ.

ಮಲ್ಪೆಯವರಿಗೆ ಒಂದು ಮಾತು: ಹಾಕಿಂಗ್ ಹೆಸರು ಎಲ್ಲರೂ ಹೇಳುತ್ತಾರೆ. ಅದೇ ಕಾಯಿಲೆಯಲ್ಲಿ ಎರಡೇ ವರ್ಷಕ್ಕೆ ಹೋದವರ ಹೆಸರು ಯಾರಾದರೂ ಹೇಳುತ್ತಾರಾ? ನಡುಗೆರೆಗೆ ಎರಡು ಕಡೆ ಉಂಟು ಮಾರಾಯ್ರೆ.

ರಾತ್ರಿಪಾಳಿ

ಮಂಗಳೂರಿನಲ್ಲಿ 14 ವರ್ಷದಿಂದ ನರ್ಸ್. ಗುಡ್ಡೆಮನೆಯವರೇ, ನಿಮ್ಮ ಕಾರಿಡಾರ್ ನಾನು ದಿನಾ ನೋಡುತ್ತೇನೆ.

ಮೊದಲು ಒಂದು ವಿಷಯ. 2000ನೇ ಇಸವಿಯಲ್ಲಿ ಶಿಕಾಗೋದಲ್ಲಿ ಮಾಡಿದ ಒಂದು ಅಧ್ಯಯನ ನಮಗೆ ಟ್ರೈನಿಂಗಿನಲ್ಲಿ ಹೇಳಿಕೊಟ್ಟಿದ್ದರು. 343 ಡಾಕ್ಟರುಗಳು, ಕೊನೆಯ ಹಂತದ 468 ರೋಗಿಗಳು. ಎಷ್ಟು ದಿನ ಅಂತ ಮೊದಲೇ ಬರೆದಿಟ್ಟು ಆಮೇಲೆ ತಾಳೆ ನೋಡಿದರು. ಹತ್ತಿರ ಹತ್ತಿರ ಸರಿಯಾದದ್ದು 20 ಶೇಕಡಾ ಮಾತ್ರ. 63 ಶೇಕಡಾದಲ್ಲಿ ಡಾಕ್ಟರು ಜಾಸ್ತಿ ದಿನ ಹೇಳಿದ್ದರು. ಒಟ್ಟಾರೆ ನೋಡಿದರೆ ನಿಜವಾದದ್ದಕ್ಕಿಂತ ಐದು ಪಟ್ಟು ಜಾಸ್ತಿ. ರೋಗಿಯ ಪರಿಚಯ ಹಳತಾದಷ್ಟೂ ಲೆಕ್ಕ ತಪ್ಪುವುದು ಜಾಸ್ತಿ ಇತ್ತು. ಇಷ್ಟದವರಿಗೆ ಕಡಿಮೆ ಹೇಳಲಿಕ್ಕೆ ಬಾಯಿ ಬರುವುದಿಲ್ಲ, ಅಲ್ವಾ?

ಎರಡನೆಯದು, ಕ್ಯಾನ್ಸರಿನ ಹಾಗಲ್ಲ ಹಾರ್ಟ್. ಕ್ಯಾನ್ಸರಿನಲ್ಲಿ ತುಂಬ ದಿನ ಚೆನ್ನಾಗಿದ್ದು ಕೊನೆಗೆ ಇಳಿಜಾರು ಶುರುವಾದರೆ ನಮಗೆ ಕಾಣುತ್ತದೆ. ಹಾರ್ಟಿನವರು ಇವತ್ತು ಆಕ್ಸಿಜನ್ ಹಾಕಿಕೊಂಡು ಬರುತ್ತಾರೆ, ಮುಂದಿನ ವಾರ ನಡೆದುಕೊಂಡು ಮನೆಗೆ ಹೋಗುತ್ತಾರೆ. ಎರಡು ತಿಂಗಳಿಗೆ ಮತ್ತೆ ಬರುತ್ತಾರೆ. ಹೀಗೆ ಏರಿ ಇಳಿದು, ಒಂದು ಸಲ ಏಳುವುದಿಲ್ಲ. ಯಾವ ಸಲ ಅಂತ ಹೇಳುವುದು ಬಹಳ ಕಷ್ಟ.

ನಮಗೆ ನಿಜವಾಗಿ ಕಾಣುವುದು ಕೊನೆಯ ಎರಡು ಮೂರು ದಿನ. ಉಸಿರಿನ ನಡುವೆ ಬಿಡುವು ಬರುತ್ತದೆ. ನೀವು ಎಣಿಸುತ್ತಾ ನಿಲ್ಲುವಷ್ಟು ಉದ್ದ. ಗಂಟಲಲ್ಲಿ ಗೊರಗೊರ. ಮೊಣಕಾಲಿನ ಮೇಲೆ ನೀಲಿ ಬಲೆ ಹಾಕಿದ ಹಾಗೆ ಮಚ್ಚೆ. ಆಗ ನಾನು ಮನೆಯವರಿಗೆ "ಮನೆಗೆ ಹೋಗಿ ಸ್ನಾನ ಮಾಡಿ ಬರುವುದು ಬೇಡ ಈಗ, ಇಲ್ಲೇ ಇರಿ" ಅನ್ನುತ್ತೇನೆ. ಅದನ್ನು ಹೇಳದೆ ಬಿಟ್ಟರೆ ತಪ್ಪು. ಒಮ್ಮೆ ಬಿಟ್ಟಿದ್ದೆ. ಮಗಳು ಕ್ಯಾಂಟೀನಿನಲ್ಲಿದ್ದಳು.

ತೊಕ್ಕೊಟ್ಟು ಅಣ್ಣ, ಬೇಜಾರು ಮಾಡಿಕೊಳ್ಳಬೇಡಿ, ಒಂದು ಕೇಳುತ್ತೇನೆ. ಅಪ್ಪನಿಗೆ ಹೇಗೆ ಹೇಳಿದರು?

ತೊಕ್ಕೊಟ್ಟು ಪಾಸ್

ರೌಂಡ್ಸಿನಲ್ಲಿ. ನಿಂತುಕೊಂಡೇ. ಜೊತೆಯಲ್ಲಿ ಐದಾರು ಕಲಿಯುವ ಮಕ್ಕಳು. "ಟ್ರೀಟ್‌ಮೆಂಟ್ ಇನ್ನು ಪ್ರಯೋಜನ ಇಲ್ಲ, ಒಂದು ತಿಂಗಳು ನೋಡಬಹುದು" ಅಂದು ಪಕ್ಕದ ಮಂಚಕ್ಕೆ ಹೋದರು. ಅಪ್ಪ ಪಂಚೆ ಸರಿ ಮಾಡಿಕೊಂಡರು, ಅಷ್ಟೇ.

ರಾತ್ರಿಪಾಳಿ

ಅಯ್ಯೋ ಅಣ್ಣ.

ನಂತೂರು ಸರ್ಕಲ್

ಇದೆಲ್ಲ ಇನ್ನು ಐದು ವರ್ಷದಲ್ಲಿ ಮೆಷಿನ್ ಹೇಳುತ್ತದೆ, ನೋಡಿ. ಡೆನ್ಮಾರ್ಕಿನವರು ಆಗಲೇ ಮಾಡಿದ್ದಾರೆ. 2023ರ ಡಿಸೆಂಬರಿನಲ್ಲಿ ಬಂದದ್ದು, ಲೈಫ್‌ಟುವೆಕ್ ಅಂತ ಹೆಸರು. ಅಲ್ಲಿನ 60 ಲಕ್ಷ ಜನರ ಸಂಬಳ, ಕೆಲಸ, ಮನೆ, ಆಸ್ಪತ್ರೆ ಭೇಟಿ ಎಲ್ಲ ಸರ್ಕಾರದ ದಾಖಲೆಯಲ್ಲಿ ಉಂಟು. ನಮ್ಮ ಫೋನು ಮುಂದಿನ ಪದ ಊಹಿಸುತ್ತದಲ್ಲ, ಹಾಗೆ ಬದುಕಿನ ಘಟನೆಗಳನ್ನೇ ಪದಗಳ ಹಾಗೆ ಓದಿಸಿದರು. 35ರಿಂದ 65 ವಯಸ್ಸಿನವರಲ್ಲಿ ಮುಂದಿನ ನಾಲ್ಕು ವರ್ಷದಲ್ಲಿ ಯಾರು ಸಾಯುತ್ತಾರೆ ಅಂತ ಸುಮಾರು 78 ಶೇಕಡಾ ಸರಿ ಹೇಳಿತು.

ಲೆಕ್ಕದವ

78 ಯಾವುದರಲ್ಲಿ ತಮ್ಮ? ಪರೀಕ್ಷೆಗೆ ತೆಗೆದುಕೊಂಡವರಲ್ಲಿ ಸತ್ತವರು ಎಷ್ಟು, ಬದುಕಿದವರು ಎಷ್ಟು?

ನಂತೂರು ಸರ್ಕಲ್

ಅರ್ಧ ಅರ್ಧ. ಹಾಂ, ಗೊತ್ತಾಯಿತು ನೀವು ಎಲ್ಲಿಗೆ ಬರುತ್ತಿದ್ದೀರಿ ಅಂತ. ಊರಿನಲ್ಲಿ ನಾಲ್ಕು ವರ್ಷದಲ್ಲಿ ಆ ವಯಸ್ಸಿನ ಅರ್ಧ ಜನ ಸಾಯುವುದಿಲ್ಲ. ನೂರರಲ್ಲಿ ಒಂದೆರಡು ಜನ ಇರಬಹುದು. ಅಲ್ಲಿ ಅದೇ ಮೆಷಿನ್ ಇಟ್ಟರೆ ಬದುಕುವ ಎಷ್ಟೋ ಜನರ ಹಣೆಗೂ ಚೀಟಿ ಅಂಟಿಸುತ್ತದೆ. ಒಪ್ಪಿದೆ. ವಿಮಾ ಕಂಪನಿಗಳ ಕೈಗೆ ಇದು ಹೋಗಬಾರದು ಅಂತ ಅದನ್ನು ಮಾಡಿದವರೇ ಹೇಳಿದ್ದಾರೆ. ಆದರೆ ಸುದ್ದಿ ಬಂದ ಕೂಡಲೇ ಅದೇ ಹೆಸರಿನಲ್ಲಿ ನಕಲಿ ಆ್ಯಪ್‌ಗಳು ಹುಟ್ಟಿದವು. "ನಿಮ್ಮ ಸಾವಿನ ದಿನ ತಿಳಿಯಿರಿ" ಅಂತ. ನನ್ನ ರೂಂಮೇಟ್ ಅಂಥದ್ದೇ ಒಂದಕ್ಕೆ ಜನ್ಮದಿನಾಂಕ, ಫೋನ್ ನಂಬರ್, ತಾಯಿಯ ಹೆಸರು ಎಲ್ಲ ಕೊಟ್ಟ. 2061 ಅಂತ ಬಂತು. ಆಮೇಲೆ ಮೂರು ತಿಂಗಳು ಲೋನ್ ಬೇಕಾ ಅಂತ ಕಾಲ್ ಬಂದದ್ದೇ ಬಂದದ್ದು.

ಗೋಳಿಬಜೆ

ಮೆಷಿನ್ ಬೇಡ, ಬೆಕ್ಕು ಸಾಕು. ಅಮೆರಿಕದ ಪ್ರಾವಿಡೆನ್ಸ್ ಅನ್ನುವ ಊರಿನ ನರ್ಸಿಂಗ್ ಹೋಮಿನಲ್ಲಿ ಆಸ್ಕರ್ ಅಂತ ಬೆಕ್ಕಿತ್ತು. ಯಾರ ಮಂಚದಲ್ಲಿ ಹೋಗಿ ಮಲಗುತ್ತದೋ ಅವರು ಕೆಲವು ಗಂಟೆಯಲ್ಲಿ ಹೋಗುತ್ತಿದ್ದರು. 2007ರಲ್ಲಿ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲೇ ಬಂತು. ಅದು ಮಂಚ ಹತ್ತಿದರೆ ನರ್ಸುಗಳು ಮನೆಯವರಿಗೆ ಫೋನ್ ಮಾಡುತ್ತಿದ್ದರು. ಬೆಕ್ಕು ಕಾರಿಡಾರಿಗೆ ಕರೆದು ಹೇಳಲಿಲ್ಲ, ರೋಗಿಯ ಹತ್ತಿರವೇ ಹೋಗಿ ಮಲಗಿತು. ಅಷ್ಟು ಬುದ್ಧಿ ಸಾಕು 😀

ಮಲ್ಪೆ ಗಾಳಿ

ಜಾತಕ ತೋರಿಸಿದ್ದೀರಾ? ಆಯುರ್ದಾಯ ಹಾಕಿದರೆ ತಿಳಿಯುತ್ತದೆ.

ಗುಡ್ಡೆಮನೆ (ಕಾರ್ಕಳ)

ಅಣ್ಣ ತೋರಿಸಿ ಆಗಿದೆ. "ಮಾಘದೊಳಗೆ ಒಂದು ಗಂಡಾಂತರ, ಅದು ದಾಟಿದರೆ 82" ಅಂದರಂತೆ. ಎರಡೂ ಕಡೆ ಬೇಲಿ ಹಾಕಿಯೇ ಹೇಳುವುದಲ್ಲ ಇವರು.

ಕವಡೆ

ನನ್ನ ಅಪ್ಪ ಕುಂದಾಪುರದ ಕಡೆ ಪ್ರಶ್ನೆ ಇಡುತ್ತಿದ್ದರು. ಮದುವೆ, ಜಾಗದ ತಕರಾರು, ಕಳೆದುಹೋದ ದನ ಎಲ್ಲ ಹೇಳುತ್ತಿದ್ದರು. ಯಾರಾದರೂ "ಅಮ್ಮ ಇನ್ನೆಷ್ಟು ದಿನ" ಅಂತ ಕೇಳಿದರೆ ಕವಡೆ ಒಟ್ಟು ಮಾಡಿ ಚೀಲಕ್ಕೆ ಹಾಕಿ ಚೀಲದ ಬಾಯಿ ಕಟ್ಟುತ್ತಿದ್ದರು. ಎದುರು ಕೂತವನಿಗೆ ಅದೇ ಉತ್ತರ. ಆಯುಷ್ಯ ಹೇಳಬಾರದು ಅಂತ ಅವರ ಗುರುಗಳು ಮಾತು ತೆಗೆದುಕೊಂಡಿದ್ದರಂತೆ. ನಿಮ್ಮ ಜೋಯಿಸರು ಅದನ್ನು ಮೀರಿದ್ದಾರೆ.

ಗೋಳಿಬಜೆ

ಗಂಡಾಂತರ ಉಂಟು, ಮೃತ್ಯುಂಜಯ ಹೋಮ ಮಾಡಿಸಿ ಅಂತ ನಿಮ್ಮ ಅಪ್ಪ ಹೇಳುತ್ತಿರಲಿಲ್ಲವಾ? ಅದೂ ಸಾವಿನ ಭವಿಷ್ಯವೇ. ಬಿಲ್ ಸಮೇತ.

ಕವಡೆ

ಹೇಳುತ್ತಿದ್ದರು. ಆ ದುಡ್ಡಿನಲ್ಲೇ ನಾನು ಇಂಜಿನಿಯರಿಂಗ್ ಓದಿದ್ದು. ಸುಳ್ಳು ಹೇಳುವುದಿಲ್ಲ.

ಕುಡ್ಲದ ಟೀಚರ್

ಇಷ್ಟು ಹೊತ್ತು ಎಲ್ಲರೂ ಮಗ, ಅಣ್ಣ, ನರ್ಸು, ವಿಮೆಯವರು ಮಾತಾಡಿದಿರಿ. ಮಂಚದ ಮೇಲೆ ಕೂತವಳು ಒಬ್ಬಳು ಮಾತಾಡಲಾ?

ಎದೆಯ ಕ್ಯಾನ್ಸರ್, ಈಗ ಮೂಳೆಗೆ ಬಂದಿದೆ. 36 ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ್ದೇನೆ. ಮಗ ಕಾರಿಡಾರಿಗೆ ಹೋಗಿ ಬಂದ ದಿನವೇ ಅವನ ಮುಖದಲ್ಲಿ ಉತ್ತರ ಬರೆದಿತ್ತು. ಪರೀಕ್ಷೆಯಲ್ಲಿ ಕಾಪಿ ಹೊಡೆದ ಹುಡುಗ ನಿಂತ ಹಾಗೆ ನಿಂತಿದ್ದ. ನನಗೆ ಗೊತ್ತಾಯಿತು ಅಂತ ಅವನಿಗೆ ಗೊತ್ತಾಗಬಾರದು ಅಂತ ನಾನು ನಾಟಕ ಮಾಡಿದೆ. ನನಗೆ ಗೊತ್ತಾಗಬಾರದು ಅಂತ ಅವನು ನಾಟಕ ಮಾಡಿದ. ಎರಡು ತಿಂಗಳು ಹೀಗೇ. ಕಾಯಿಲೆಗಿಂತ ಜಾಸ್ತಿ ಸುಸ್ತು ಅದರಿಂದ ಆಯಿತು.

ಕೊನೆಗೆ ಒಂದು ದಿನ ಮಗನನ್ನು ಯಾವುದೋ ಬೇಡದ ಮಾತ್ರೆ ತರಲಿಕ್ಕೆ ಮೆಡಿಕಲ್‌ಗೆ ಕಳಿಸಿ ಡಾಕ್ಟರನ್ನು ಕೇಳಿದೆ. ಅವಳು ಸಣ್ಣ ಪ್ರಾಯದವಳು. ಕುರ್ಚಿ ಎಳೆದು ಕೂತಳು. "ನಿಮಗೆ ಎಷ್ಟು ತಿಳಿಯಬೇಕು ಟೀಚರ್?" ಅಂತ ಮೊದಲು ಕೇಳಿದಳು. ಎಲ್ಲ ತಿಳಿಯಬೇಕು ಅಂದೆ. "ತಿಂಗಳಲ್ಲಿ ಎಣಿಸಿ, ತುಂಬ ವರ್ಷ ಅಂತ ಎಣಿಸಬೇಡಿ. ನಾನು ತಪ್ಪಬಹುದು, ಎರಡೂ ಕಡೆಗೆ" ಅಂದಳು.

ನಾನು ಗೋಡೆಗೆ ಮುಖ ಮಾಡಿ ಮಲಗಲಿಲ್ಲ. ಮಲಗಿದವರನ್ನು ತಪ್ಪು ಅನ್ನುವುದಿಲ್ಲ, ತೊಕ್ಕೊಟ್ಟಿನವರ ಅಪ್ಪನಿಗೆ ಹಾಗೆ ಹೇಳಿದರೆ ನಾನೂ ಮಲಗುತ್ತಿದ್ದೆನೋ ಏನೋ. ನಾನು ಮಾಡಿದ್ದು ಎಡಗಣ್ಣಿನ ಪೊರೆ ಆಪರೇಶನ್. "ಈಗ ಯಾಕಮ್ಮ ಅದೆಲ್ಲ?" ಅಂದ ಮಗ. ಓದಲಿಕ್ಕೆ ಮಾರಾಯ ಅಂದೆ.

ಪಣಿಯಾಡಿ ವಕೀಲ

ಟೀಚರ್‌ಗೆ ನಮಸ್ಕಾರ. ಕಾನೂನಿನ ಕಡೆಯಿಂದ ಚಿಕ್ಕದಾಗಿ. ಡಾಕ್ಟರುಗಳ ನಡತೆಗೆ 2002ರ ನಿಯಮಾವಳಿ ಉಂಟು. ರೋಗದ ಗಂಭೀರತೆಯನ್ನು ಹಿಗ್ಗಿಸಲೂ ಬಾರದು, ಕುಗ್ಗಿಸಲೂ ಬಾರದು ಅಂತ ಅದರಲ್ಲಿದೆ. ಆದರೆ ವಿಷಯ ತಿಳಿದಿರಬೇಕಾದವರು ಯಾರು ಅನ್ನುವಲ್ಲಿ "ರೋಗಿ, ಸಂಬಂಧಿಕರು ಅಥವಾ ಜವಾಬ್ದಾರಿಯುಳ್ಳ ಸ್ನೇಹಿತರು" ಅನ್ನುವ ಅರ್ಥ ಬರುವ ಹಾಗೆ ಬರೆದಿದ್ದಾರೆ. ಕಾರಿಡಾರ್ ಹುಟ್ಟಿದ್ದು ಆ "ಅಥವಾ"ದಲ್ಲಿ.

ಇನ್ನೊಂದು ಕಡೆ ನೋಡಿ. 2018ರಲ್ಲಿ ಸುಪ್ರೀಂ ಕೋರ್ಟು, ಏಳುವ ಆಸೆ ಇಲ್ಲದ ಸ್ಥಿತಿಗೆ ಹೋದರೆ ವೆಂಟಿಲೇಟರ್ ಬೇಡ ಅಂತ ಮೊದಲೇ ಬರೆದಿಡುವ ಹಕ್ಕು ಕೊಟ್ಟಿತು. ಆಗ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. ಯಾರು ಹೋಗುತ್ತಾರೆ? 2023ರಲ್ಲಿ ಸಡಿಲ ಮಾಡಿ, ಇಬ್ಬರು ಸಾಕ್ಷಿ ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು ಅಂದರು. 2025ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರವೂ ಆಸ್ಪತ್ರೆಗಳಿಗೆ ಸುತ್ತೋಲೆ ಕಳಿಸಿತು. ಈ ಚರ್ಚೆಯ ಬುಡದಲ್ಲಿರುವುದು ನಮ್ಮ ಪಕ್ಕದ ಜಿಲ್ಲೆಯ ಹಳದೀಪುರದ ಹೆಣ್ಣುಮಗಳು, ಅರುಣಾ ಶಾನಭಾಗ್. ನರ್ಸ್ ಆಗಿದ್ದರು. ಹಲ್ಲೆಗೆ ಒಳಗಾಗಿ, 1973ರಿಂದ 2015ರವರೆಗೆ ಮುಂಬಯಿಯ ಒಂದೇ ಆಸ್ಪತ್ರೆಯಲ್ಲಿ ಏಳುವ ಆಸೆ ಇಲ್ಲದ ಅಂಥದ್ದೇ ಸ್ಥಿತಿಯಲ್ಲಿ ಇದ್ದರು.

ಆ ಕಾಗದ ಬರೆಯಬೇಕಾದದ್ದು ರೋಗಿ, ನೆನಪು ಸರಿಯಿರುವಾಗ. ಕಾಯಿಲೆ ಎಷ್ಟು ಮುಂದೆ ಹೋಗಿದೆ ಅಂತ ಹೇಳದೆ ಮುಚ್ಚಿಟ್ಟರೆ ಅವರು ಎಂತ ಅಂತ ಬರೆಯುವುದು? ಹಕ್ಕು ಕೊಟ್ಟು ಪೆನ್ನು ಅಡಗಿಸಿದ ಹಾಗೆ.

ಮಲ್ಪೆ ಗಾಳಿ

ಪರೀಕ್ಷಿತ ರಾಜನಿಗೆ ಏಳು ದಿನ ಅಂತ ಗೊತ್ತಾದ ಕಾರಣ ತಾನೇ ಭಾಗವತ ಕೇಳಿದ್ದು. ಹೇಳುವುದೇ ಒಳ್ಳೆಯದು ಅಂತ ಈಗ ಅನಿಸುತ್ತಿದೆ.

ಕವಡೆ

ಸತ್ಯವಾನನಿಗೆ ಯಾರೂ ಹೇಳಲಿಲ್ಲ. ಒಂದು ವರ್ಷ ಅಂತ ಸಾವಿತ್ರಿಗೆ ಗೊತ್ತಿತ್ತು. ಅವಳು ದಿನ ಎಣಿಸಿಕೊಂಡು, ಬಾಯಿ ಮುಚ್ಚಿಕೊಂಡು ಸಂಸಾರ ಮಾಡಿದಳು. ನಮ್ಮ ಮನೆಗಳಲ್ಲಿ ಎಲ್ಲರೂ ಸಾವಿತ್ರಿಯರೇ. ಯಮನನ್ನು ಗೆಲ್ಲುವುದು ಮಾತ್ರ ಬರುವುದಿಲ್ಲ.

ರಾತ್ರಿಪಾಳಿ

ಗುಡ್ಡೆಮನೆಯವರೇ, ದೊಡ್ಡಪ್ಪನಿಗೆ ಕೊನೆಗೂ ಗೊತ್ತಾಗಲೇ ಇಲ್ಲವಾ?

ಗುಡ್ಡೆಮನೆ (ಕಾರ್ಕಳ)

ಗೊತ್ತಾಯಿತು. ಐದನೇ ತಿಂಗಳು, ಆಟಿಯ ಮಳೆ. ರಾತ್ರಿ ಕರೆಂಟ್ ಹೋಗಿತ್ತು, ನಾನೊಬ್ಬನೇ ಹತ್ತಿರ ಇದ್ದೆ. ಕತ್ತಲಲ್ಲೇ ಕೇಳಿದರು, "ಎಷ್ಟು ಹೇಳಿದ್ದಾರೆ ಹೇಳು." ಮುಖ ಕಾಣದ ಕಾರಣ ಹೇಳಲಿಕ್ಕೆ ಆಯಿತು. "ಮೂರು ತಿಂಗಳು." ಸ್ವಲ್ಪ ಹೊತ್ತು ಮಳೆ ಶಬ್ದ ಮಾತ್ರ. ಆಮೇಲೆ ನಕ್ಕರು. "ಹಾಗಾದ್ರೆ ಎರಡು ತಿಂಗಳ ಗೇಣಿ ಬಾಕಿ ಉಂಟು ನನ್ನದು." ಗೇಣಿ ಕೊಟ್ಟು ಉತ್ತು, ಆಮೇಲೆ ಭೂಸುಧಾರಣೆಯಲ್ಲಿ ಡಿಕ್ಲರೇಶನ್ ಹಾಕಿ ಜಾಗ ಮಾಡಿಕೊಂಡ ಮನುಷ್ಯ ಅವರು. ಮರುದಿನ ಬೆಳಿಗ್ಗೆ ಆಳು ಕರೆಸಿ, ಉಳಿದ ಮರಗಳಿಗಾದರೂ ಮದ್ದು ಬಿಡಿಸಿದರು. ಮಳೆ ಬಿಟ್ಟ ಹೊಳವು ನೋಡಿಕೊಂಡು ಮಾಡಿಸಬೇಕು, ನೀವೆಲ್ಲ ಯಾವುದಕ್ಕೂ ಆಗದವರು ಅಂತ ನಮಗೆ ಬೈಗುಳವೂ ಸಿಕ್ಕಿತು.

ಇದನ್ನು ಇವತ್ತಿನವರೆಗೆ ಅಣ್ಣನಿಗೆ ಹೇಳಿರಲಿಲ್ಲ. ಈ ಚರ್ಚೆಯ ಲಿಂಕ್ ಅವನಿಗೆ ಈಗ ಕಳಿಸುತ್ತಿದ್ದೇನೆ. ಟೀಚರ್ ಬರೆದದ್ದು ಅವನು ಓದಬೇಕು.

ತೊಕ್ಕೊಟ್ಟು ಪಾಸ್

ನನ್ನ ಮಾತು ಬದಲಿಲ್ಲ. ಆದರೆ ಹೇಳುವುದಾದರೆ ಕೂತುಕೊಂಡು ಹೇಳಲಿಕ್ಕೆ ಹೇಳಿ.

ಗುಡ್ಡೆಮನೆ (ಕಾರ್ಕಳ)

ಆರು ದಿನ ಆಯಿತು. ಕೇಳಿದವರಿಗೆಲ್ಲ ಒಟ್ಟಿಗೆ ಬರೆಯುತ್ತಿದ್ದೇನೆ.

ಅಣ್ಣ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಅವನೇ ಡಾಕ್ಟರ ಹತ್ತಿರ ಹೋಗಿ, "ಅಮ್ಮನೇ ಕೇಳಿದರೆ ನೀವೇ ಹೇಳ್ತೀರಾ?" ಅಂತ ಕೇಳಿದ. ಡಿಸ್ಚಾರ್ಜ್ ದಿನ ಡಾಕ್ಟರು ಬಂದರು. ತೊಕ್ಕೊಟ್ಟಿನವರೇ, ಕುರ್ಚಿ ನಾನೇ ಹಾಕಿದೆ. ಎಷ್ಟು ತಿಳಿಯಬೇಕು ಅಂತ ಕೇಳಿದ್ದಕ್ಕೆ ದೊಡ್ಡಮ್ಮ ತಿಂಗಳ ಲೆಕ್ಕ ಕೇಳಲೇ ಇಲ್ಲ. "ಬರುವ ಸಲದ ದೈವದ ನೇಮಕ್ಕೆ ಇರ್ತೇನಾ?" ಅಂದರು.

"ನೇಮ ಯಾವಾಗ ಅಮ್ಮ?"

"ಫೆಬ್ರವರಿ."

"ಅದಕ್ಕೆ ಇರ್ತೀರಿ ಅಂತ ನನಗೆ ಧೈರ್ಯ ಉಂಟು. ಅದರ ನಂತರದ ನೇಮಕ್ಕೆ ಮಾತು ಕೊಡಲಿಕ್ಕೆ ಆಗುವುದಿಲ್ಲ."

ದೊಡ್ಡಮ್ಮ ತಲೆ ಆಡಿಸಿದರು. ಅಳಲಿಲ್ಲ. ಅತ್ತದ್ದು ಅಣ್ಣ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಸ್ವಲ್ಪ ಯೋಚನೆ ಮಾಡಿ, "ಹಾಗಾದ್ರೆ ಡಾಕ್ಟ್ರೇ, ಈ ಉಪ್ಪು ಬಿಡುವುದು ಯಾರಿಗೋಸ್ಕರ?" ಅಂದರು. ಎರಡು ವರ್ಷ ಆಯಿತು ಅವರು ಉಪ್ಪಿನಕಾಯಿ ಮುಟ್ಟದೆ. ಡಾಕ್ಟರು ನಕ್ಕು, ಉಪ್ಪು ಜಾಸ್ತಿಯಾದರೆ ಕಾಲು ಮತ್ತೆ ಬಾತುಕೊಳ್ಳುತ್ತದೆ, ಉಸಿರು ಕಟ್ಟುತ್ತದೆ, ಆ ಕಷ್ಟ ನಿಮಗೇ ಅಂತ ಬಿಡಿಸಿ ಹೇಳಿದರು. ಕೊನೆಗೆ ವಾರಕ್ಕೆ ಒಂದು ಮಿಡಿಗೆ ರಾಜಿ ಆಯಿತು, ಭಾನುವಾರ ಮಾತ್ರ.

ಇವತ್ತು ಭಾನುವಾರ. ಮಧ್ಯಾಹ್ನ ಗಂಜಿ ಜೊತೆ ಮಿಡಿ ಕೊಟ್ಟೆವು. ಅರ್ಧ ಕಚ್ಚಿ, ಇನ್ನರ್ಧ ಬಟ್ಟಲಿನ ಅಂಚಿಗೆ ಇಟ್ಟು, "ಇದು ರಾತ್ರಿಗೆ. ಯಾರೂ ತೆಗಿಬೇಡಿ" ಅಂದಿದ್ದಾರೆ.